ಪಾಸು ಕೊಳ್ಳುವ ಮುನ್ನ

ಹತ್ತನೆಯ ತರಗತಿ ಮುಗಿಸಿ ಹೊರಡುವ ವಿದ್ಯಾರ್ಥಿಗಳು ಪ್ರತಿವರ್ಷವೂ ನಮ್ಮನ್ನು ಕೇಳುವ ಪ್ರಶ್ನೆ ಒಂದುಂಟು: "ಸಾರ್, ಹಾಸ್ಟೆಲ್ ಸೇರುವುದೋ, ಪಾಸು ಮಾಡಿಸಿ ಓಡಾಡುವುದೋ?" ತಂದೆತಾಯಿಗಳ ಪ್ರಶ್ನೆ ಇನ್ನೂ ಚಿಕ್ಕದು: "ಯಾವುದು ಅಗ್ಗ?" ಇದಕ್ಕೆ ಉತ್ತರ ಕೊಡುವುದಕ್ಕೆ ಕನ್ನಡ ಪಂಡಿತರಿಗಿಂತ ಗಣಿತದ ಮೇಷ್ಟ್ರೇ ಲೇಸು. ಆದರೂ ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿಯಿಂದ ನಾವು ಕಲಿತುದನ್ನು ಇಲ್ಲಿ ಹೇಳುತ್ತೇವೆ.

ನಾವು ಹುಟ್ಟಿ ಬೆಳೆದದ್ದು ತಮಿಳುನಾಡಿನ ಕಂಬಂ ಕಣಿವೆಯಲ್ಲಿ. ಅಲ್ಲಿ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಕುಟುಂಬಗಳು ತಲೆಮಾರುಗಳಿಂದ ಇವೆ; ನಮ್ಮದೂ ಅಂಥದೊಂದು. ನಮ್ಮ ಅಕ್ಕ ಇರುವುದು ಕಂಬಂನಿಂದ ಸುಮಾರು 40 ಕಿಲೋಮೀಟರ್ ದೂರದ ತೇನಿಯಲ್ಲಿ. 2022ರಲ್ಲಿ ಅಕ್ಕನ ಮಗನಿಗೆ ಮಧುರೆಯ ಕಾಲೇಜೊಂದರಲ್ಲಿ ಪದವಿ ತರಗತಿಗೆ ಸ್ಥಳ ಸಿಕ್ಕಿತು. ಅವನ ತಂದೆಗೆ ಹಾಸ್ಟೆಲಿನ ಖರ್ಚು ಭಾರ. "ದಿನಾ ಮನೆಗೆ ಬರುವುದಾದರೆ ಸೇರಲಿ, ಇಲ್ಲವಾದರೆ ಇಲ್ಲೇ ಯಾವುದಾದರೂ ಅಂಗಡಿಯಲ್ಲಿ ಕೆಲಸಕ್ಕೆ ನಿಲ್ಲಲಿ" ಎಂದುಬಿಟ್ಟರು. ಹುಡುಗ ನಮಗೆ ಫೋನು ಮಾಡಿ, "ಮಾಮ, ರೈಲು ಬಂದಿದೆಯಲ್ಲ, ಸೀಸನ್ ಟಿಕೇಟು ತೆಗೆದರೆ ಸಾಲದೇ?" ಎಂದು ಕೇಳಿದ.

ರೈಲು ಬಂದದ್ದು ನಿಜ. ಮಧುರೆಯಿಂದ ಬೋಡಿನಾಯಕನೂರಿಗೆ ಹೋಗುತ್ತಿದ್ದ ಹಳೆಯ ಮೀಟರ್ ಗೇಜ್ ಗಾಡಿ 2010ರ ಕೊನೆಗೆ ನಿಂತಿತ್ತು. ಹಳಿಯನ್ನು ಅಗಲಗೊಳಿಸಿ ತೇನಿಯವರೆಗೆ ಗಾಡಿ ಬಿಟ್ಟದ್ದು 2022ರ ಮೇ ತಿಂಗಳಲ್ಲಿ. ಬೋಡಿಗೆ ಅದು ಮುಟ್ಟಿದ್ದು 2023ರ ಜೂನಿನಲ್ಲಿ. ಹನ್ನೊಂದು ವರ್ಷ ಸಿಳ್ಳು ಕೇಳದಿದ್ದ ಊರು ಹಬ್ಬ ಮಾಡಿದ್ದರಲ್ಲಿ ಆಶ್ಚರ್ಯವಿಲ್ಲ.

ಮೊದಲು ದರದ ಲೆಕ್ಕ. ರೈಲಿನ ತಿಂಗಳ ಸೀಸನ್ ಟಿಕೇಟಿನ ಬೆಲೆ ಸುಮಾರಾಗಿ 15 ಸಲದ ಒಂದು ಬದಿಯ ಟಿಕೇಟಿಗೆ ಸಮ. ಅಂದರೆ ತಿಂಗಳಿಗೆ ಎಂಟು ದಿನ ಹೋಗಿಬಂದರೆ ಹಾಕಿದ ಹಣ ಹುಟ್ಟಿತು. ಮಿಕ್ಕ ದಿನಗಳೆಲ್ಲ ಲಾಭ. ವಿದ್ಯಾರ್ಥಿಗೆ ಅದರಲ್ಲೂ ಅರ್ಧ, ಅಂದರೆ ಏಳೂವರೆ ಟಿಕೇಟಿನ ಬೆಲೆ. ಹುಡುಗಿಯರಿಗೆ ಪದವಿಯವರೆಗೆ, ಹುಡುಗರಿಗೆ ಹನ್ನೆರಡನೆಯ ತರಗತಿಯವರೆಗೆ, ಮನೆಯಿಂದ ಓದುವ ಸ್ಥಳಕ್ಕೆ ಎರಡನೆಯ ದರ್ಜೆಯ ತಿಂಗಳ ಸೀಸನ್ ಪೂರ್ತಿ ಉಚಿತ. ಇದನ್ನು ಅನೇಕ ತಂದೆತಾಯಿಗಳು ಅರಿಯರು. ಶಾಲೆ ಕಾಲೇಜಿನ ಮುಖ್ಯಸ್ಥರಿಂದ ಪ್ರಮಾಣಪತ್ರ ಪಡೆಯುವ ಶ್ರಮವಷ್ಟೇ.

ಮೂರು ತಿಂಗಳ ಸೀಸನ್ ಎಂಬುದೂ ಇದೆ. ಅದರ ಬೆಲೆ ತಿಂಗಳ ಸೀಸನ್ನಿನ 2.7 ರಷ್ಟು. ಮೂರು ಸಲ ಬಿಡಿಬಿಡಿಯಾಗಿ ಕೊಂಡರೆ ವಿದ್ಯಾರ್ಥಿಗೆ ಬೀಳುವುದು ಇಪ್ಪತ್ತೆರಡೂವರೆ ಟಿಕೇಟಿನ ಬೆಲೆ. ಒಟ್ಟಿಗೆ ಕೊಂಡರೆ ಇಪ್ಪತ್ತೂಕಾಲು. ಉಳಿತಾಯ ಎರಡು ಟಿಕೇಟಿಗಿಂತ ತುಸು ಹೆಚ್ಚು. ಆದರೆ ನಡುವೆ ಒಂದು ತಿಂಗಳು ರಜೆ ಬಂದರೆ? ಎರಡು ತಿಂಗಳಿಗೆ ಹದಿನೈದೇ ಸಾಕಿತ್ತು. ಐದು ಟಿಕೇಟಿನ ಹಣ ಸುಮ್ಮನೆ ಹೋಯಿತು. ನಾವು ಓದುವ ಕಾಲದಲ್ಲಿ ಅಮ್ಮ ಕೂಡಿಟ್ಟ ದುಡ್ಡಿನಲ್ಲಿ ಹೀಗೆಯೇ ಮೂರು ತಿಂಗಳದ್ದನ್ನು ಕೊಂಡು, ಬೇಸಗೆಯ ರಜೆಯಲ್ಲಿ ಅದನ್ನು ಪುಸ್ತಕದ ನಡುವೆ ಇಟ್ಟುಕೊಂಡು ಕುಳಿತಿದ್ದೆವು. ಅಮ್ಮನಿಗೆ ಹೇಳಲಿಲ್ಲ.

ಹಿಮ ಬೀಳುವ ದೇಶಗಳಲ್ಲಿ ಬೆಟ್ಟದ ಇಳಿಜಾರಿನಲ್ಲಿ ಜಾರುವ ಸ್ಕೀ ಆಟಕ್ಕೂ ಸೀಸನ್ ಪಾಸು ಉಂಟು. ಅಲ್ಲಿಯೂ ಕಾಲೇಜು ವಿದ್ಯಾರ್ಥಿಗಳಿಗೆ ಕಡಿಮೆ ದರ. ಹಿಮ ಬೀಳುವ ಮೊದಲೇ ಕೊಂಡರೆ ಇನ್ನೂ ಕಡಿಮೆ. ಕೊಂಡ ಮೇಲೆ ಎಷ್ಟು ದಿನ ಬಿಡುವಾಗುತ್ತದೆ ಎಂಬ ಚಿಂತೆ ಅವರಿಗೂ ತಪ್ಪಿದ್ದಲ್ಲ.

ದರದ ಲೆಕ್ಕ ಮುಗಿಸಿ ನಾವು ಹುಡುಗನಿಗೆ, "ಗಾಡಿ ಎಷ್ಟು ಹೊತ್ತಿಗೆ?" ಎಂದೆವು. ಅವನು ನೋಡಿರಲಿಲ್ಲ. ನೋಡಿದರೆ, ಗಾಡಿ ಬೆಳಗ್ಗೆ ಎಂಟೂವರೆಗೆ ಹೊರಡುತ್ತಿದ್ದುದು ಮಧುರೆಯಿಂದ! ಅದು ತೇನಿಗೆ ಬಂದು, ಸಂಜೆ ಆರರ ಮೇಲೆ ಮಧುರೆಗೆ ಮರಳುತ್ತಿತ್ತು. ಉಸಿಲಂಪಟ್ಟಿಯಿಂದಲೋ ಆಂಡಿಪಟ್ಟಿಯಿಂದಲೋ ತೇನಿಗೆ ಓದಲು ಬರುವವರಿಗೆ ಅನುಕೂಲವೇ. ತೇನಿಯಿಂದ ಮಧುರೆಗೆ ಓದಲು ಹೋಗುವವನಿಗೆ ಸೀಸನ್ ಟಿಕೇಟನ್ನು ಪುಕ್ಕಟೆ ಕೊಟ್ಟರೂ ಪ್ರಯೋಜನವಿಲ್ಲ.

ಬಸ್ಸಿನ ಮಾತು ಬಂತು. ತಮಿಳುನಾಡಿನಲ್ಲಿ ಸರಕಾರಿ ಕಲಾ ಕಾಲೇಜು, ಪಾಲಿಟೆಕ್ನಿಕ್, ಐ.ಟಿ.ಐ. ವಿದ್ಯಾರ್ಥಿಗಳಿಗೆ ಸರಕಾರಿ ಬಸ್ಸಿನಲ್ಲಿ ಉಚಿತ ಪಾಸು ದೊರೆಯುತ್ತದೆ. ಇವನದು ಖಾಸಗಿ ಕಾಲೇಜು. 2021ರಲ್ಲಿ ಹೆಂಗಸರಿಗೆ ಉಚಿತವಾದದ್ದೂ ಸಾಧಾರಣ ಟೌನ್ ಬಸ್ಸಿನಲ್ಲಿ ಮಾತ್ರ. ನಮ್ಮ ಕರ್ನಾಟಕದಲ್ಲಿ 2023ರ ಜೂನ್ 11ರಿಂದ ನಡೆದಿರುವ ಶಕ್ತಿ ಯೋಜನೆಯ ಹಾಗೆ ಊರಿಂದೂರಿಗೆ ಹೋಗುವ ಬಸ್ಸಿಗೆ ಅದು ಸಲ್ಲದು. ಹುಡುಗ ಮೂರು ವಾರ ಬಸ್ಸಿನಲ್ಲಿ ಓಡಾಡಿದ. ದಾರಿ ಒಂದು ಬದಿಗೆ 75 ಕಿಲೋಮೀಟರಿನಷ್ಟು. ರಾತ್ರಿ ಅನ್ನದ ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದನಂತೆ. ಅದನ್ನು ಕಂಡು ಭಾವನವರೇ ಕರಗಿ, ದಿನದ ಬಸ್ ಖರ್ಚು ಹೇಗೂ ಉಳಿಯುವುದೆಂದು ಲೆಕ್ಕಹಾಕಿ ಹಾಸ್ಟೆಲಿಗೆ ಒಪ್ಪಿದರು.

ತಮಾಷೆ ನೋಡಿ, ಹಾಸ್ಟೆಲ್ ಸೇರಿದವನಿಗೆ ಅದೇ ಗಾಡಿ ಹೇಳಿ ಮಾಡಿಸಿದಂತಾಯಿತು! ಶನಿವಾರ ಬೆಳಗ್ಗೆ ಮಧುರೆಯಲ್ಲಿ ಹತ್ತಿದರೆ ಮನೆ. ಭಾನುವಾರ ಸಂಜೆ ತೇನಿಯಲ್ಲಿ ಹತ್ತಿದರೆ ರಾತ್ರಿಯೂಟಕ್ಕೆ ಹಾಸ್ಟೆಲು. "ಮಾಮ, ಈಗ ಸೀಸನ್ ತೆಗೆಯಲೇ?" ಎಂದ. ತಿಂಗಳಿಗೆ ನಾಲ್ಕು ವಾರ, ಎಂಟು ಟಿಕೇಟು, ಸೀಸನ್ನಿಗೆ ಏಳೂವರೆ. ಲಾಭ ಅರ್ಧ ಟಿಕೇಟು. "ನಾಲ್ಕು ವಾರವೂ ತಪ್ಪದೆ ಬರುತ್ತೀಯಾ?" ಎಂದು ಕೇಳಿದೆವು. ಸ್ವಲ್ಪ ಯೋಚಿಸಿ ಬಿಡಿ ಟಿಕೇಟನ್ನೇ ಕೊಳ್ಳತೊಡಗಿದ. ಎರಡನೆಯ ತಿಂಗಳಲ್ಲೇ ಪರೀಕ್ಷೆಗಾಗಿ ಎರಡು ವಾರ ಊರಿಗೆ ಬರಲಾಗಲಿಲ್ಲ.