ನಾಟಕವಾಡದ ಸಂಸ್ಥೆ ನಾಟಕದವರಿಗೆ ಏಕೆ ಬೇಕು?

ಪ್ರಶ್ನೆ: ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಮಿಲ್‌ಬರ್ನ್ ಎಂಬ ಊರಿನ ಪೇಪರ್ ಮಿಲ್ ಪ್ಲೇಹೌಸ್‌ನಲ್ಲಿ ಒಂದು ಸಂಗೀತ ನಾಟಕ ನೋಡಿದೆವು. ಆ ರಂಗಮಂದಿರ ‘ನ್ಯೂಜೆರ್ಸಿ ಥಿಯೇಟರ್ ಅಲಯನ್ಸ್’ ಎಂಬ ಕೂಟಕ್ಕೆ ಸೇರಿದೆ ಎಂದು ಅಳಿಯಂದಿರು ಹೇಳಿದರು. ಆ ಕೂಟ ತಾನಾಗಿ ನಾಟಕ ಆಡಿಸುವುದಿಲ್ಲವಂತೆ. ಹಾಗಾದರೆ ಅದು ಮಾಡುವುದೇನು? ಒಂದೇ ಪ್ರೇಕ್ಷಕರಿಗಾಗಿ ಪೈಪೋಟಿ ನಡೆಸುವವರು ಒಂದೇ ಕೂಟದಲ್ಲಿ ಇರುವುದಾದರೂ ಹೇಗೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಯಾವ ತಂಡವೂ ಒಂಟಿಯಾಗಿ ಮಾಡಲಾಗದ, ಆದರೆ ಎಲ್ಲ ತಂಡಗಳಿಗೂ ಬೇಕಾದ ಕೆಲಸಗಳನ್ನು ಆ ಕೂಟ ಮಾಡುತ್ತದೆ. ನಟರನ್ನು ಹುಡುಕುವುದು, ಹೊಸ ಪ್ರೇಕ್ಷಕರನ್ನು ಕರೆತರುವುದು, ಕಣ್ಣು ಕಾಣದವರಿಗೂ ಕಿವಿ ಕೇಳದವರಿಗೂ ನಾಟಕ ದಕ್ಕುವಂತೆ ಮಾಡುವುದು, ರಂಗಭೂಮಿಯ ಪರವಾಗಿ ಸರ್ಕಾರ ಮತ್ತು ದಾನಿಗಳ ಮುಂದೆ ಮಾತಾಡುವುದು ಇವುಗಳಲ್ಲಿ ಮುಖ್ಯವಾದವು. 1981ರಲ್ಲಿ ಹುಟ್ಟಿದ ಈ ಕೂಟ, ಲಾಭದ ಉದ್ದೇಶವಿಲ್ಲದ ವೃತ್ತಿಪರ ನಾಟಕ ಸಂಸ್ಥೆಗಳಿಗಾಗಿ ಒಂದು ಇಡೀ ರಾಜ್ಯದ ಮಟ್ಟದಲ್ಲಿ ಅಮೆರಿಕದಲ್ಲಿ ಮೊದಲಿಗೆ ಕಟ್ಟಿದ ಸೇವಾ ಸಂಸ್ಥೆ. ಇಂದು 30ಕ್ಕೂ ಹೆಚ್ಚು ತಂಡಗಳು ಅದರಲ್ಲಿವೆ.

‘ವೃತ್ತಿಪರ’ ಎಂದಾಗ ನಮಗೆ ಕಂಪನಿ ನಾಟಕ ನೆನಪಾಗುವುದು ಸಹಜ. ಗುಬ್ಬಿ ಕಂಪನಿಯಿಂದ ಹಿಡಿದು ಇಂದಿನವರೆಗೂ ನಮ್ಮ ಕಂಪನಿಗಳಲ್ಲಿ ಲಾಭ ನಷ್ಟ ಎರಡೂ ಮಾಲೀಕರದು. ಅಲ್ಲಿಯ ವ್ಯವಸ್ಥೆ ಬೇರೆ. ನಟರಿಗೆ, ತಂತ್ರಜ್ಞರಿಗೆ ಒಪ್ಪಂದದ ಪ್ರಕಾರ ಸಂಬಳ ಕೊಡಬೇಕು. 1913ರಲ್ಲಿ ಆರಂಭವಾದ ‘ಆಕ್ಟರ್ಸ್ ಈಕ್ವಿಟಿ’ ಎಂಬ ನಟರ ಸಂಘ ಇದಕ್ಕೆ ಕಾವಲಾಗಿದೆ. ಆದರೆ ಸಂಸ್ಥೆಗೆ ಮಾಲೀಕರಿಲ್ಲ, ಆಡಳಿತ ಮಂಡಳಿ ಇರುತ್ತದೆ. ವರ್ಷದ ಕೊನೆಗೆ ಏನಾದರೂ ಉಳಿದರೆ ಅದು ಯಾರ ಜೇಬಿಗೂ ಹೋಗುವಂತಿಲ್ಲ, ಮುಂದಿನ ನಾಟಕಕ್ಕೇ ಹೋಗಬೇಕು.

ಉಳಿಯುವುದೇ ಅಪರೂಪ ಎಂಬುದು ಬೇರೆ ಮಾತು. ಇದಕ್ಕೆ ಕಾರಣವನ್ನು ಚೆನ್ನಾಗಿ ಬಿಡಿಸಿ ಹೇಳಿದವರು ಇದೇ ನ್ಯೂಜೆರ್ಸಿಯ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರಾದ ವಿಲಿಯಂ ಬಾಮೋಲ್ ಮತ್ತು ವಿಲಿಯಂ ಬೋವೆನ್. 1966ರಲ್ಲಿ ಬಂದ ಅವರ ಪುಸ್ತಕದ ತಿರುಳು ಇಷ್ಟು: ಕಾರ್ಖಾನೆಯಲ್ಲಿ ಯಂತ್ರ ಬಂದ ಹಾಗೆಲ್ಲ ಅಷ್ಟೇ ಆಳುಗಳಿಂದ ಹೆಚ್ಚು ಸರಕು ತಯಾರಾಗುತ್ತದೆ, ಆದ್ದರಿಂದ ಸಂಬಳ ಏರಿದರೂ ಕಾರ್ಖಾನೆಗೆ ಗಿಟ್ಟುತ್ತದೆ. ನಾಟಕದಲ್ಲಿ ಹಾಗಾಗದು. ‘ಹ್ಯಾಮ್ಲೆಟ್’ ಆಡಲು ನಾನೂರು ವರ್ಷಗಳ ಹಿಂದೆ ಎಷ್ಟು ಜನ, ಎಷ್ಟು ಹೊತ್ತು ಬೇಕಿತ್ತೋ ಇಂದಿಗೂ ಹೆಚ್ಚುಕಡಿಮೆ ಅಷ್ಟೇ ಬೇಕು. ನಟ ಮಾತ್ರ ಇಂದಿನ ಬೆಲೆಗಳಲ್ಲಿ ಮನೆ ಬಾಡಿಗೆ ಕಟ್ಟಿ ಬದುಕಬೇಕು. ಹೀಗಾಗಿ ಖರ್ಚು ಏರುತ್ತಲೇ ಹೋಗುತ್ತದೆ, ಟಿಕೆಟ್ ದರವನ್ನು ಅದೇ ವೇಗದಲ್ಲಿ ಏರಿಸಿದರೆ ಪ್ರೇಕ್ಷಕ ಬರುವುದಿಲ್ಲ. ಮಧ್ಯದ ಕೊರತೆಯನ್ನು ದೇಣಿಗೆ, ಅನುದಾನಗಳೇ ತುಂಬಬೇಕು.

ಒಳ್ಳೆಯ ನಾಟಕ ಆಡಿದರೆ ಸಾಕು, ದುಡ್ಡು ತಾನಾಗಿ ಬರುತ್ತದೆ ಎನ್ನುವಂತಿಲ್ಲ. ನ್ಯೂ ಬ್ರನ್ಸ್‌ವಿಕ್ ಊರಿನ ಕ್ರಾಸ್‌ರೋಡ್ಸ್ ಥಿಯೇಟರ್ 1978ರಲ್ಲಿ ಆರಂಭವಾದ ಆಫ್ರಿಕನ್ ಅಮೆರಿಕನ್ನರ ಹೆಮ್ಮೆಯ ತಂಡ. 1999ರಲ್ಲಿ ಪ್ರಾದೇಶಿಕ ರಂಗಭೂಮಿಗೆ ಮೀಸಲಾದ ಟೋನಿ ಪ್ರಶಸ್ತಿ ಅದಕ್ಕೆ ಬಂತು. ಮರು ವರ್ಷವೇ ಸಾಲದ ಭಾರಕ್ಕೆ ಪ್ರದರ್ಶನಗಳನ್ನು ನಿಲ್ಲಿಸಬೇಕಾಯಿತು. ಮುಂದೆ ಅದು ಮತ್ತೆ ಎದ್ದು ನಿಂತಿತು ಎನ್ನುವುದು ಸಮಾಧಾನದ ಸಂಗತಿ.

ನ್ಯೂಜೆರ್ಸಿಗೆ ಇನ್ನೊಂದು ಕಷ್ಟವೂ ಉಂಟು. ಒಂದು ಪಕ್ಕಕ್ಕೆ ನ್ಯೂಯಾರ್ಕ್, ಇನ್ನೊಂದು ಪಕ್ಕಕ್ಕೆ ಫಿಲಡೆಲ್ಫಿಯಾ. ರೈಲು ಹತ್ತಿದರೆ ಬ್ರಾಡ್‌ವೇ ಹತ್ತಿರ. ದೊಡ್ಡ ಪತ್ರಿಕೆಗಳು, ವಿಮರ್ಶಕರು ಎಲ್ಲರೂ ಆ ನಗರಗಳಲ್ಲೇ. ಸ್ವಂತ ಊರಿನಲ್ಲಿ ಒಳ್ಳೆಯ ನಾಟಕ ನಡೆಯುತ್ತಿದ್ದರೂ ಜನಕ್ಕೆ ಗೊತ್ತಾಗುವುದಿಲ್ಲ. ಹಾಗೆಂದು ಅಲ್ಲಿಯ ರಂಗಭೂಮಿ ಸಣ್ಣದೇನಲ್ಲ. ಥಾರ್ನ್‌ಟನ್ ವೈಲ್ಡರ್ ಅವರ ‘ಅವರ್ ಟೌನ್’ 1938ರಲ್ಲಿ ಬ್ರಾಡ್‌ವೇಗೆ ಹೋಗುವ ಮೊದಲು ರಂಗಕ್ಕೇರಿದ್ದು ಪ್ರಿನ್ಸ್‌ಟನ್ನಿನ ಮೆಕಾರ್ಟರ್ ಥಿಯೇಟರಿನಲ್ಲಿ. ನೀವು ನೋಡಿಬಂದ ಪೇಪರ್ ಮಿಲ್‌ಗೆ 2016ರಲ್ಲಿ ಅದೇ ಟೋನಿ ಪ್ರಶಸ್ತಿ ಬಂದಿದೆ. ಇಂಥವರು ‘ನಾವೂ ಇದ್ದೇವೆ’ ಎಂದು ಒಬ್ಬೊಬ್ಬರೇ ಕೂಗುವುದಕ್ಕಿಂತ ಒಟ್ಟಾಗಿ ಹೇಳಿದರೆ ಮಾತಿಗೆ ತೂಕ ಬರುತ್ತದೆ.

ಕೂಟದ ಕೆಲಸ ನಡೆಯುವ ಬಗೆಗೆ ಒಂದು ಉದಾಹರಣೆ ಅದು ಏರ್ಪಡಿಸುವ ಸಾಮೂಹಿಕ ಆಡಿಷನ್. ಒಂದು ಸಭಾಂಗಣ, ಕೆಳಗೆ ಬೇರೆ ಬೇರೆ ತಂಡಗಳ ನಿರ್ದೇಶಕರು, ನಟರ ಆಯ್ಕೆ ನೋಡಿಕೊಳ್ಳುವವರು ಸಾಲಾಗಿ ಕೂತಿರುತ್ತಾರೆ. ನಟ ಬಂದು ಹೆಸರು ಹೇಳಿ, ಕೊಟ್ಟ ಕೆಲವೇ ನಿಮಿಷಗಳಲ್ಲಿ ಒಂದು ಸ್ವಗತ ಆಡಿಯೋ ಹಾಡಿನ ನಾಲ್ಕು ಸಾಲು ಹಾಡಿಯೋ ಇಳಿಯುತ್ತಾನೆ. ಇಲ್ಲದಿದ್ದರೆ ಅದೇ ನಟ ತಂಡದಿಂದ ತಂಡಕ್ಕೆ, ಊರಿಂದ ಊರಿಗೆ ಅಲೆಯಬೇಕಿತ್ತು. ಒಂದೇ ಬಾಡಿಗೆ, ಒಂದೇ ಪಿಯಾನೊ, ಒಂದೇ ದಿನದ ಓಡಾಟದಲ್ಲಿ ಇಬ್ಬರ ಕೆಲಸವೂ ಮುಗಿಯಿತು. ಚಿಕ್ಕ ತಂಡದವರಿಗೂ ದೊಡ್ಡ ತಂಡದವರಷ್ಟೇ ನಟರು ನೋಡಲು ಸಿಕ್ಕರು.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾಗುವುದು ಅಂಗವಿಕಲ ಪ್ರೇಕ್ಷಕರಿಗಾಗಿ ನಡೆಯುವ ಕೆಲಸ. 1992ರಿಂದ ಈ ಕೂಟ ರಾಜ್ಯದ ಕಲಾ ಮಂಡಳಿಯ ಜೊತೆ ಸೇರಿ, ಅಂಗವಿಕಲರು ಮತ್ತು ಹಿರಿಯರಿಗೆ ರಂಗಮಂದಿರಗಳನ್ನು ಮುಕ್ತವಾಗಿಸುವ ಯೋಜನೆಯೊಂದನ್ನು ನಡೆಸುತ್ತಿದೆ. ಗಾಲಿಕುರ್ಚಿಗೆ ದಾರಿ ಮಾಡಿದರೆ ಮುಗಿಯಿತು ಎಂದಲ್ಲ. ಪೇಪರ್ ಮಿಲ್‌ನಲ್ಲಿ ಕೆಲವು ಪ್ರದರ್ಶನಗಳಿಗೆ ಮೊದಲು ದೃಷ್ಟಿಹೀನ ಪ್ರೇಕ್ಷಕರಿಗೆ ನಾಟಕದ ವೇಷಭೂಷಣ, ರಂಗಪರಿಕರಗಳನ್ನು ಕೈಯಿಂದ ಮುಟ್ಟಿ ನೋಡುವ ಅವಕಾಶವಿರುತ್ತದೆ. ರಾಣಿಯ ಜರಿಯಂಚಿನ ನಿಲುವಂಗಿ ಎಷ್ಟು ಭಾರ, ಕತ್ತಿಯ ಹಿಡಿ ಹೇಗಿದೆ ಎಂದು ಬೆರಳಿಗೆ ಗೊತ್ತಾಗುತ್ತದೆ. ಆಮೇಲೆ ನಾಟಕ ನಡೆಯುವಾಗ ಅವರ ಕಿವಿಯಲ್ಲಿನ ಸಾಧನದಲ್ಲಿ ಒಂದು ದನಿ, ಮಾತಿನ ನಡುವಣ ಮೌನಗಳಲ್ಲಿ, ಯಾರು ಒಳಗೆ ಬಂದರು, ಯಾರು ಬೆನ್ನು ತಿರುಗಿಸಿದರು ಎಂದು ಹೇಳುತ್ತ ಹೋಗುತ್ತದೆ. ಇಂಥದ್ದನ್ನು ಪ್ರತಿಯೊಂದು ಸಣ್ಣ ತಂಡವೂ ಮೊದಲಿನಿಂದ ಕಲಿಯುತ್ತ ಕೂರಲಾಗದು. ಒಬ್ಬರ ಅನುಭವ ಉಳಿದವರಿಗೆ ದಾಟಬೇಕಾದರೆ ನಡುವೆ ಒಂದು ಕೂಟ ಬೇಕೇ ಬೇಕು.

ಇದಲ್ಲದೆ ‘ಸ್ಟೇಜಸ್ ಫೆಸ್ಟಿವಲ್’ ಎಂಬ ಉತ್ಸವವಿದೆ. ಆ ಸಮಯದಲ್ಲಿ ರಾಜ್ಯದ ಉದ್ದಗಲಕ್ಕೂ ತಂಡಗಳು ಉಚಿತವಾಗಿ ಅಥವಾ ಕಡಿಮೆ ದರದಲ್ಲಿ ಪ್ರದರ್ಶನ, ಕಾರ್ಯಾಗಾರ ನಡೆಸುತ್ತವೆ. ಮಕ್ಕಳನ್ನು ಕಟ್ಟಿಕೊಂಡು ಮೊದಲ ಸಲ ರಂಗಮಂದಿರಕ್ಕೆ ಬರುವ ಕುಟುಂಬಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಳೆಸಿದ ಉತ್ಸವವಿದು.

ಇನ್ನು ನಿಮ್ಮ ಪೈಪೋಟಿಯ ಪ್ರಶ್ನೆ. ಇದಕ್ಕೆ ಉತ್ತರ ನಮ್ಮ ಬಾದಾಮಿಯ ಬನಶಂಕರಿ ಜಾತ್ರೆಯಲ್ಲೇ ಇದೆ. ಅಲ್ಲಿ ಹಲವು ಕಂಪನಿಗಳು ಅಕ್ಕಪಕ್ಕದಲ್ಲೇ ಥಿಯೇಟರ್ ಹಾಕುತ್ತವೆ. ಒಂದರ ಮೈಕಿನ ಕೂಗು ಇನ್ನೊಂದಕ್ಕೆ ಕೇಳುತ್ತದೆ. ಆದರೂ ಎಲ್ಲರೂ ಅಲ್ಲಿಗೇ ಬರುತ್ತಾರೆ. ಜಾತ್ರೆಗೆ ಹೋದರೆ ನಾಟಕ ನೋಡಬೇಕು ಎಂಬ ರೂಢಿ ಜನರಲ್ಲಿದೆ. ಇವತ್ತು ಒಂದು ಕಂಪನಿಯ ನಾಟಕ ನೋಡಿ ನಕ್ಕವರು ನಾಳೆ ಪಕ್ಕದ ಕಂಪನಿಯ ಟಿಕೆಟ್ ಕೊಳ್ಳುತ್ತಾರೆ. ನಾಟಕದವನ ನಿಜವಾದ ಎದುರಾಳಿ ಪಕ್ಕದ ನಾಟಕದವನಲ್ಲ, ಮನೆಯಿಂದ ಹೊರಡದ ಪ್ರೇಕ್ಷಕ. ನಾಟಕ ನೋಡುವ ರೂಢಿ ಎಲ್ಲ ತಂಡಗಳ ಸಾಮೂಹಿಕ ಆಸ್ತಿ, ಅದನ್ನು ಬೆಳೆಸುವ ಖರ್ಚನ್ನೂ ಎಲ್ಲರೂ ಹಂಚಿಕೊಳ್ಳಬೇಕು. ನ್ಯೂಜೆರ್ಸಿಯವರು ಮಾಡಿದ್ದು ಇದನ್ನೇ.

ನೆರವು ಎಂದಾಗ ನಾವು ಮೊದಲು ನೋಡುವುದು ನಾಟಕ ಅಕಾಡೆಮಿಯ ಕಡೆಗೆ, ಸಂಸ್ಕೃತಿ ಇಲಾಖೆಯ ಕಡೆಗೆ. ಅದು ಬೇಕು, ನಿಜ. ಆದರೆ ಒಂದು ಜಿಲ್ಲೆಯ ತಂಡಗಳು ತಾವಾಗಿ ಸೇರಿ ಒಂದೇ ದಿನ ಎರಡೆರಡು ಪ್ರದರ್ಶನ ಬೀಳದಂತೆ ಕ್ಯಾಲೆಂಡರ್ ಮಾಡಿಕೊಳ್ಳಲು, ಬೆಳಕಿನ ಸಲಕರಣೆ ಹಂಚಿಕೊಳ್ಳಲು, ವರ್ಷಕ್ಕೊಮ್ಮೆ ಹೊಸ ನಟರನ್ನು ಒಟ್ಟಿಗೆ ನೋಡಲು ಯಾರ ಅನುದಾನಕ್ಕೂ ಕಾಯಬೇಕಿಲ್ಲ. ನಿಮ್ಮ ಶಿವಮೊಗ್ಗದಲ್ಲಿ ತಂಡಗಳಿಗೂ ಕೊರತೆಯಿಲ್ಲ, ನಾಟಕ ನೋಡುವವರಿಗೂ ಕೊರತೆಯಿಲ್ಲ. ಪರಿಚಯದ ರಂಗಕರ್ಮಿಗಳ ಮುಂದೆ ಈ ಮಾತು ಎತ್ತಿ ನೋಡಿ.