ನಿಂತ ಬಂಡಿಯ ಮರುಪಯಣ

ಯಂತ್ರವು ದುಡಿದು ಸವೆಯುತ್ತದೆಂಬುದು ಎಲ್ಲರೂ ಬಲ್ಲ ಮಾತು. ದುಡಿಯದೆ ನಿಂತರೂ ಅದು ಕೆಡುತ್ತದೆಂಬುದು ಅಷ್ಟಾಗಿ ನಮ್ಮ ಗಮನಕ್ಕೆ ಬರುವುದಿಲ್ಲ. ಓಡುವ ವಾಹನದ ದೋಷವು ಸದ್ದಿನಿಂದಲೋ ಅದುರುವಿಕೆಯಿಂದಲೋ ಚಾಲಕನಿಗೆ ತಿಳಿಯುತ್ತದೆ. ನಿಂತ ವಾಹನದ ದೋಷವು ಮೌನವಾಗಿ ಬೆಳೆದು, ರಸ್ತೆಗಿಳಿದ ದಿನ ಒಮ್ಮೆಲೇ ಎದುರಾಗುತ್ತದೆ. ಹಲವು ವರ್ಷ ಮೂಲೆಗೆ ಬಿದ್ದ ಹಳೆಯ ವಾಹನವನ್ನು ದುರಸ್ತಿಗಾಗಿ ಮನೆಗೆ ತರುವ ಬಗೆಯನ್ನು ಒಂದು ಪ್ರಸಿದ್ಧ ವಾಹನದ ನಿದರ್ಶನದಿಂದ ಇಲ್ಲಿ ವಿವೇಚಿಸಲಾಗಿದೆ.

ಹಾಸಿಗೆ, ಒಲೆ, ನೀರಿನ ತೊಟ್ಟಿಗಳನ್ನು ಒಳಗೊಂಡು ಚಲಿಸುವ ಮನೆಯಂತಿರುವ ವ್ಯಾನನ್ನು ಪಾಶ್ಚಾತ್ಯ ದೇಶಗಳಲ್ಲಿ ಮೋಟಾರ್‌ಹೋಮ್ ಅಥವಾ ಕ್ಯಾಂಪರ್ ಎನ್ನುತ್ತಾರೆ. 1947ರಲ್ಲಿ ಡಚ್ ವ್ಯಾಪಾರಿ ಬೆನ್ ಪೊನ್ ಬರೆದ ಒಂದು ಸರಳ ರೇಖಾಚಿತ್ರದಿಂದ ಹುಟ್ಟಿದ ಫೋಕ್ಸ್‌ವಾಗನ್ ವ್ಯಾನು 1950ರಲ್ಲಿ ಜರ್ಮನಿಯಲ್ಲಿ ತಯಾರಾಗತೊಡಗಿತು. ಮರುವರ್ಷವೇ ವೆಸ್ಟ್‌ಫಾಲಿಯಾ ಸಂಸ್ಥೆಯು ಅದರೊಳಗೆ ಕೂಡಿಸುವ ವಸತಿ ಸಾಮಗ್ರಿಯನ್ನು ನಿರ್ಮಿಸಿತು. 1960 ಮತ್ತು 70ರ ದಶಕಗಳಲ್ಲಿ ಯುರೋಪಿನ ಯುವಜನರು ಇಂಥ ವ್ಯಾನುಗಳಲ್ಲಿ ತುರ್ಕಿ, ಇರಾನ್, ಅಫ್ಘಾನಿಸ್ತಾನಗಳನ್ನು ದಾಟಿ ಭಾರತದವರೆಗೂ ಬಂದರು. ಜರ್ಮನಿ, ಬ್ರಿಟನ್‌ಗಳ ಕೊಟ್ಟಿಗೆ ಹಿತ್ತಿಲುಗಳಲ್ಲಿ ನಿಂತುಹೋದ ಅಂಥ ವ್ಯಾನುಗಳನ್ನು ಕೊಂಡು ಜೀರ್ಣೋದ್ಧಾರ ಮಾಡುವವರು ಇಂದು ಅನೇಕರಿದ್ದಾರೆ.

ಹೊಸ ಬ್ಯಾಟರಿ ಕೂಡಿಸಿ, ಎಂಜಿನ್ ಸದ್ದು ಮಾಡಿದೊಡನೆ ಓಡಿಸಿಕೊಂಡು ಹೊರಡುವುದೇ ಅವರಿಗೆ ಎದುರಾಗುವ ಮೊದಲ ಪ್ರಲೋಭನೆ. ಆತುರಗಾರನಿಗೆ ಬುದ್ಧಿ ಮಟ್ಟವೆಂಬ ಗಾದೆ ಇಲ್ಲಿಗೆ ಸಲ್ಲುತ್ತದೆ. ಎಂಜಿನ್ ಹೊರಡದಿದ್ದರೆ ನಷ್ಟವಾಗುವುದು ಒಂದು ದಿನ; ಬ್ರೇಕ್ ಹಿಡಿಯದಿದ್ದರೆ ಒಂದು ಜೀವ. ಆದುದರಿಂದ ಪರೀಕ್ಷೆಯು ಓಡಿಸುವ ಭಾಗದಿಂದಲ್ಲ, ನಿಲ್ಲಿಸುವ ಭಾಗದಿಂದ ಆರಂಭವಾಗಬೇಕು.

ಬ್ರೇಕ್: ರೂಢಿಯಲ್ಲಿ ಬ್ರೇಕ್ ಆಯಿಲ್ ಎನ್ನುವ ದ್ರವವು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವ 230 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯಬಾರದು. ತೇವ ಹೀರಿದ ಮೇಲೆ ಈ ಮಿತಿ 155 ಡಿಗ್ರಿಗೆ ಇಳಿಯಬಹುದು. ಇಳಿಜಾರಿನಲ್ಲಿ ಬ್ರೇಕ್ ಕಾದಾಗ ದ್ರವ ಕುದಿದು ಆವಿಯಾದರೆ ಪೆಡಲು ನೆಲ ಮುಟ್ಟುತ್ತದೆ, ವಾಹನ ನಿಲ್ಲುವುದಿಲ್ಲ. ತಾಳವಾಡಿಯಿಂದ ಸತ್ಯಮಂಗಲಕ್ಕೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದವರಿಗೆ ಇದರ ಭೀಕರತೆಯನ್ನು ವಿವರಿಸಬೇಕಾಗಿಲ್ಲ. ದ್ರವವನ್ನು ಪೂರ್ತಿ ಬದಲಿಸಬೇಕು. ಚಕ್ರಗಳ ಸಿಲಿಂಡರುಗಳು ತುಕ್ಕಿನಿಂದ ಬಿಗಿದಿವೆಯೇ, ರಬ್ಬರ್ ಕೊಳವೆಗಳು ಬಿರಿದಿವೆಯೇ ಎಂದು ನೋಡಬೇಕು. ಪೆಡಲನ್ನು ಒಂದು ನಿಮಿಷ ಬಲವಾಗಿ ಒತ್ತಿಹಿಡಿದಾಗ ಅದು ಕೆಳಗಿಳಿಯುತ್ತ ಹೋದರೆ ಪ್ರಯಾಣ ಸಲ್ಲದು.

ಟಯರ್: ಅಚ್ಚು ಆಳವಾಗಿದ್ದ ಮಾತ್ರಕ್ಕೆ ಟಯರ್ ಹೊಸದಲ್ಲ. ಅದರ ಪಕ್ಕದಲ್ಲಿ ಡಾಟ್ ಎಂಬ ಗುರುತಿನ ಕೊನೆಗೆ ನಾಲ್ಕು ಅಂಕೆಗಳಿರುತ್ತವೆ. 2318 ಎಂದಿದ್ದರೆ 2018ರ 23ನೆಯ ವಾರದಲ್ಲಿ ತಯಾರಾದುದೆಂದು ಅರ್ಥ. ಮೂರೇ ಅಂಕೆಗಳಿದ್ದರೆ ಅದು 2000ಕ್ಕಿಂತ ಹಿಂದಿನದು. ಅದರ ಮೇಲೆ ಭರವಸೆ ಇಡಲಾಗದು.

ಇಂಧನ: ಹಳೆಯ ಪೆಟ್ರೋಲು ಅಂಟಾಗಿ ಕಾರ್ಬ್ಯುರೇಟರನ್ನು ಕಟ್ಟಿಸುತ್ತದೆ, ಅದನ್ನು ತೆಗೆದು ಹೊಸದನ್ನು ತುಂಬಬೇಕು. ಒಣಗಿ ಬಿರಿದ ಇಂಧನದ ಕೊಳವೆ ಇನ್ನೂ ಅಪಾಯಕಾರಿ. ಈ ವ್ಯಾನಿನ ಎಂಜಿನ್ ಹಿಂಬದಿಯಲ್ಲಿದೆ. ಸೋರಿದ ಪೆಟ್ರೋಲು ಕಾದ ಎಂಜಿನ್ನಿನ ಮೇಲೆ ಬಿದ್ದು ಬೆಂಕಿ ಹೊತ್ತಿದರೂ ಮುಂದೆ ಕುಳಿತವನಿಗೆ ತಡವಾಗಿ ತಿಳಿಯುತ್ತದೆ. ಎಂಜಿನ್ನಿನ ಕವಚ ಮ್ಯಾಗ್ನೀಸಿಯಂ ಮಿಶ್ರಲೋಹದ್ದು. ಅದು ಹೊತ್ತಿಕೊಂಡ ಮೇಲೆ ನೀರು ಸುರಿದರೆ ಉರಿ ಇನ್ನೂ ಹೆಚ್ಚುತ್ತದೆ. ಆದ್ದರಿಂದ ಕೊಳವೆಗಳನ್ನೆಲ್ಲ ಬದಲಿಸಿ, ಅಗ್ನಿಶಾಮಕವನ್ನು ಚಾಲಕನ ಕೈಗೆಟಕುವಲ್ಲಿ ಇರಿಸಬೇಕು. ಒಲೆಯ ಗ್ಯಾಸ್ ಸಿಲಿಂಡರನ್ನು ಬಿಚ್ಚಿ ಹೊರಗಿಡಬೇಕು.

ಎಂಜಿನ್: ಇದಕ್ಕೆ ನೀರಿನ ರೇಡಿಯೇಟರಿಲ್ಲ, ಗಾಳಿಯೇ ಇದನ್ನು ತಂಪಾಗಿಡುತ್ತದೆ. ಗಾಳಿಯ ಹಾದಿಯಲ್ಲಿ ಇಲಿಗಳು ಗೂಡು ಕಟ್ಟಿರಬಹುದು. ಹಳೆಯ ಮಾದರಿಗಳಲ್ಲಿ ಡೈನಮೋ ಮತ್ತು ಫ್ಯಾನುಗಳನ್ನು ಒಂದೇ ಬೆಲ್ಟು ತಿರುಗಿಸುತ್ತದೆ. ದಾರಿಯಲ್ಲಿ ಚಾರ್ಜಿಂಗ್‌ನ ಕೆಂಪು ದೀಪ ಹತ್ತಿದರೆ ಬೆಲ್ಟು ಕಡಿದಿರಬಹುದೆಂದು ತಿಳಿದು ಕೂಡಲೇ ನಿಲ್ಲಿಸಬೇಕು.

ಇವುಗಳಲ್ಲಿ ಒಂದರಲ್ಲಿ ಸಂದೇಹ ಉಳಿದರೂ ವಾಹನವನ್ನು ಲಾರಿಯ ಮೇಲೆ ಏರಿಸಿ ತರುವುದೇ ವಿವೇಕ. ಹಗ್ಗ ಕಟ್ಟಿ ಎಳೆಸುವುದು ಪರಿಹಾರವಲ್ಲ. ಎಳೆಯಲ್ಪಡುವ ವಾಹನಕ್ಕೂ ಬ್ರೇಕ್ ಬೇಕು. ಏರಿಸಿದ ಮೇಲೆ ಚಕ್ರಗಳನ್ನು ಬಿಗಿದು ಕಟ್ಟಿ, ಮಡಿಸುವ ಚಾವಣಿಯನ್ನು ಭದ್ರಪಡಿಸಿ, ಒಟ್ಟು ಎತ್ತರವನ್ನು ಅಳೆದು, ದಾರಿಯ ಸೇತುವೆಗಳ ಎತ್ತರವನ್ನು ಮೊದಲೇ ವಿಚಾರಿಸಬೇಕು.

ಕಾನೂನನ್ನೂ ಮರೆಯುವಂತಿಲ್ಲ. ರಸ್ತೆಯಲ್ಲಿ ಬಳಕೆಯಿಲ್ಲವೆಂದು ಘೋಷಿಸಿದ ವಾಹನವನ್ನು ಬ್ರಿಟನ್ನಿನಲ್ಲಿ ಮೊದಲೇ ಗೊತ್ತುಪಡಿಸಿದ ತಪಾಸಣೆಗೆ ಹೋಗಿಬರಲು ಮಾತ್ರ ರಸ್ತೆಗಿಳಿಸಬಹುದು. ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿಯ ಅವಧಿ 15 ವರ್ಷ, ಅನಂತರ ನವೀಕರಿಸಬೇಕು. ವಿಮೆಯಂತೂ ಕಡ್ಡಾಯ.

ಎಲ್ಲವೂ ಸರಿಯಿದ್ದು ಓಡಿಸಿಯೇ ತರುವುದಾದರೆ ಹಗಲಿನಲ್ಲಿ, ನಿಧಾನವಾಗಿ, ಹಿಂದೆ ಮತ್ತೊಂದು ವಾಹನದ ಕಾವಲಿನಲ್ಲಿ ತರಬೇಕು. ಹಿಂಬದಿಯಲ್ಲಿ ಯಾರೂ ಕುಳಿತಿರಬಾರದು. ಮೊದಲ ಐದು ಕಿಲೋಮೀಟರಿನ ಬಳಿಕ ನಿಲ್ಲಿಸಿ ಪ್ರತಿ ಚಕ್ರದ ಬಳಿಗೂ ಕೈ ಒಯ್ಯಬೇಕು. ಉಳಿದವುಗಳಿಗಿಂತ ಹೆಚ್ಚು ಬಿಸಿಯಾಗಿರುವ ಚಕ್ರದಲ್ಲಿ ಬ್ರೇಕ್ ಕಚ್ಚಿಕೊಂಡಿರಬಹುದು. ಪೆಟ್ರೋಲಿನ ವಾಸನೆ ಬಂದರೆ ಪ್ರಯಾಣವನ್ನು ಅಲ್ಲಿಗೇ ಮುಗಿಸಬೇಕು.

ನಮ್ಮ ಊರುಗಳಲ್ಲಿ ಕ್ಯಾಂಪರ್‌ಗಳು ವಿರಳ. ಆದರೆ ತಂದೆಯವರ ಕಾಲದ ಜೀಪೋ ಕಾರೋ ಹಿತ್ತಿಲಿನಲ್ಲಿ ನಿಂತಿರುವ ಮನೆಗಳು ಕೆಲವಾದರೂ ಇವೆ. ಅದನ್ನು ಮತ್ತೆ ಓಡಿಸುವ ಆಸೆ ಸಹಜವಾದುದು, ಗೌರವಕ್ಕೆ ಅರ್ಹವಾದುದು. ಅಂಥ ವಾಹನವು ಲಾರಿಯ ಮೇಲೆ ಕುಳಿತು ದುರಸ್ತಿಗೆ ಹೊರಟರೆ ಅದರ ಮಾನವೇನೂ ಕುಂದದು. ಅದು ಸುರಕ್ಷಿತವಾಗಿ ತಲುಪಿದರೆ, ಸ್ವಂತ ಬಲದಿಂದ ಓಡುವ ದಿನ ಮುಂದೆ ಬಂದೇ ಬರುತ್ತದೆ.