ಮಾರಿದ ಸರಕು ಮರಳಿ ಬಂದಾಗ

ನಮ್ಮ ಅನೇಕ ಮಳಿಗೆಗಳಲ್ಲಿ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯ ಮೇಲೆ ‘ಗ್ರಾಹಕನೇ ದೇವರು’ ಎಂಬ ಫಲಕವಿರುತ್ತದೆ. ಅದೇ ಮಳಿಗೆಯ ರಸೀದಿಯ ಕೆಳಭಾಗದಲ್ಲಿ ‘ಒಮ್ಮೆ ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ’ ಎಂಬ ಸಾಲು ಅಚ್ಚಾಗಿರುತ್ತದೆ. ಗ್ರಾಹಕ ಸೇವೆಯೆಂದರೆ ನಗುಮುಖದ ಸ್ವಾಗತ, ಕುಳಿತುಕೊಳ್ಳಲು ಕುರ್ಚಿ, ಕುಡಿಯಲು ನೀರು ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಇವೆಲ್ಲವೂ ಅವಶ್ಯವೇ. ಆದರೆ ಸೇವೆಯ ನಿಜವಾದ ಪರೀಕ್ಷೆ ನಡೆಯುವುದು ಮಾರಿದ ಸರಕು ಮರಳಿ ಅಂಗಡಿಯ ಮೆಟ್ಟಿಲು ಹತ್ತಿದಾಗ.

ಒಂದು ಅನುಭವ

ಕೆಲವು ವರ್ಷಗಳ ಹಿಂದೆ ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ವಿದ್ಯುತ್ ಸಾಮಗ್ರಿಗಳ ಅಂಗಡಿ ನಡೆಸುತ್ತಿದ್ದೆ. ರೈತರೊಬ್ಬರು ಪಂಪ್‌ಸೆಟ್ಟಿನ ಸ್ಟಾರ್ಟರ್ ಕೊಂಡುಹೋಗಿ ಒಂಬತ್ತನೆಯ ದಿನ ಮರಳಿ ತಂದರು. ಕಾಯಿಲ್ ಸುಟ್ಟಿತ್ತು. ನಾನು ಅಂಗಡಿಯಲ್ಲಿರಲಿಲ್ಲ. ಕೌಂಟರಿನ ಹುಡುಗನು ರಸೀದಿಯ ಆ ಸಾಲನ್ನು ತೋರಿಸಿ, ‘ಕಂಪನಿಯವರನ್ನು ಕೇಳಿಕೊಳ್ಳಿ, ಯಜಮಾನರೇ’ ಎಂದು ಹೇಳಿ ಕಳುಹಿಸಿದನು. ರೈತರು ಜಗಳವಾಡಲಿಲ್ಲ. ಸ್ಟಾರ್ಟರನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದರು.

ಆ ಬೇಸಿಗೆಯಲ್ಲಿ ಅವರ ಊರಿನಿಂದ ಕೇಬಲ್, ಪೈಪುಗಳಿಗಾಗಿ ಬರುತ್ತಿದ್ದವರು ಒಬ್ಬೊಬ್ಬರಾಗಿ ನಿಂತುಹೋದರು. ಕಾರಣ ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು. ಕೇಳಿದ್ದರೆ ಸರಬರಾಜುದಾರರು ಆ ಸ್ಟಾರ್ಟರನ್ನು ಬದಲಾಯಿಸಿಕೊಡುತ್ತಿದ್ದರು. ನನ್ನ ಕೈಯಿಂದ ಹೋಗುತ್ತಿದ್ದುದು ಸಾಗಣೆ ವೆಚ್ಚ ಮಾತ್ರ. ತಪ್ಪು ಹುಡುಗನದೂ ಅಲ್ಲ. ಬೇರೆ ಉತ್ತರ ಕೊಡುವ ಅಧಿಕಾರವನ್ನು ನಾನು ಅವನಿಗೆ ಕೊಟ್ಟಿರಲಿಲ್ಲ. ದೂರು ತರುವ ಗ್ರಾಹಕನು ನಮಗೆ ಇನ್ನೊಂದು ಅವಕಾಶ ನೀಡುತ್ತಿರುತ್ತಾನೆ ಎಂಬ ಪಾಠವನ್ನು ನಾನು ಹೀಗೆ ಕಲಿತೆ.

ಕಾನೂನಿನ ನಿಲುವು

1986ರ ಕಾಯಿದೆಯ ಸ್ಥಾನದಲ್ಲಿ ಬಂದ ಗ್ರಾಹಕ ಸಂರಕ್ಷಣಾ ಕಾಯಿದೆ, 2019, ದಿನಾಂಕ 20-7-2020ರಿಂದ ಜಾರಿಗೆ ಬಂದಿತು. ದೋಷಯುಕ್ತ ಸರಕನ್ನು ಹಿಂದಕ್ಕೆ ಪಡೆದು ಹಣ ಮರಳಿಸಲು ನಿರಾಕರಿಸುವುದನ್ನು ಈ ಕಾಯಿದೆಯು ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲಿ ಸೇರಿಸಿದೆ. ರಸೀದಿಯಲ್ಲಿ ಅವಧಿಯನ್ನು ನಮೂದಿಸಿದ್ದರೆ ಆ ಅವಧಿಯೊಳಗೆ, ನಮೂದಿಸದಿದ್ದರೆ 30 ದಿನಗಳೊಳಗೆ ಈ ಕರ್ತವ್ಯ ಪೂರೈಸಬೇಕು. ರಸೀದಿಯನ್ನೇ ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ಆದುದರಿಂದ ದೋಷಯುಕ್ತ ಸರಕಿನ ವಿಷಯದಲ್ಲಿ ಹಳೆಯ ಆ ಸಾಲು ವರ್ತಕನನ್ನು ರಕ್ಷಿಸುವುದಿಲ್ಲ. ಅವನ ವಿರುದ್ಧವೇ ಸಾಕ್ಷ್ಯವಾಗಬಲ್ಲದು.

ದೋಷಯುಕ್ತ ಸರಕಿನಿಂದ ಹಾನಿಯುಂಟಾದರೆ ತಯಾರಕನು ಪರಿಹಾರಕ್ಕೆ ಹೊಣೆಯಾಗುತ್ತಾನೆ. ತಯಾರಕನು ಯಾರೆಂದೇ ತಿಳಿಯದ ಸರಕನ್ನು ಮಾರಿದಾಗ, ಅಥವಾ ತಯಾರಕನು ಕೊಟ್ಟ ಎಚ್ಚರಿಕೆಯ ಸೂಚನೆಗಳನ್ನು ಗ್ರಾಹಕನಿಗೆ ತಲುಪಿಸದಿದ್ದಾಗ ಮಾರಾಟಗಾರನೂ ಹೊಣೆಯಾಗಬಹುದು. ಪೊಟ್ಟಣ ಕಟ್ಟಿ ಮಾರುವ ಸಣ್ಣ ಕೈಗಾರಿಕೋದ್ಯಮಿಗಳು, ದೂರಿಗಾಗಿ ಸಂಪರ್ಕಿಸಬೇಕಾದವರ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳನ್ನು ಪೊಟ್ಟಣದ ಮೇಲೆ ಮುದ್ರಿಸಬೇಕೆಂಬ ನಿಯಮವನ್ನೂ ಮರೆಯಬಾರದು. ಆ ದೂರವಾಣಿಯನ್ನು ಎತ್ತಿ ಮಾತನಾಡುವವರೊಬ್ಬರು ಇರಬೇಕಾದುದು ಅದಕ್ಕಿಂತ ಮುಖ್ಯ.

ಮೂರು ಬಗೆಯ ವಾಪಸಾತಿ

ಮರಳಿ ಬರುವ ಎಲ್ಲ ಸರಕೂ ಒಂದೇ ಬಗೆಯದಲ್ಲ. ಮೊದಲನೆಯದು ಸರಕಿನಲ್ಲಿಯೇ ದೋಷವಿರುವುದು. ಇಲ್ಲಿ ಚರ್ಚೆಗೆ ಎಡೆಯಿಲ್ಲ. ಎರಡನೆಯದು ಗ್ರಾಹಕನು ಮನಸ್ಸು ಬದಲಾಯಿಸಿದುದು. ಸೀರೆಯ ಬಣ್ಣ ಮನೆಯವರಿಗೆ ಒಪ್ಪಿಗೆಯಾಗದಿರುವುದು, ಪೈಪಿನ ಅಳತೆ ತಪ್ಪಾಗಿರುವುದು ಇದಕ್ಕೆ ಉದಾಹರಣೆ. ಅಂಗಡಿಯಲ್ಲಿ ನೋಡಿ ಕೊಂಡ ನಿರ್ದೋಷ ಸರಕನ್ನು ಇಂಥ ಕಾರಣಕ್ಕೆ ಹಿಂದಕ್ಕೆ ಪಡೆಯುವುದು ವರ್ತಕನ ವಿವೇಚನೆಗೆ ಬಿಟ್ಟದ್ದು. ಇಷ್ಟು ದಿನಗಳೊಳಗೆ, ಬಳಸದ ಸ್ಥಿತಿಯಲ್ಲಿ, ರಸೀದಿಯೊಡನೆ ತಂದರೆ ಬದಲಿ ಕೊಡಲಾಗುವುದು ಎಂದು ಮೊದಲೇ ತಿಳಿಸಿದ್ದರೆ ಮನಸ್ತಾಪಕ್ಕೆ ಆಸ್ಪದವಿರುವುದಿಲ್ಲ. ಮೂರನೆಯದು ದುರ್ಬಳಕೆಯಿಂದ ಕೆಟ್ಟದ್ದು. ಇಲ್ಲಿ ನಿರಾಕರಿಸುವ ಹಕ್ಕು ನಮಗುಂಟು. ಆದರೆ ಸರಕನ್ನು ಗ್ರಾಹಕನ ಎದುರಿನಲ್ಲಿಯೇ ಬಿಚ್ಚಿ, ಕೆಟ್ಟಿರುವ ಭಾಗವನ್ನು ತೋರಿಸಿ, ಕಾರಣ ವಿವರಿಸಿ, ದುರಸ್ತಿಯ ಮಾರ್ಗ ಸೂಚಿಸಬೇಕು. ನಿರಾಕರಣೆಯನ್ನು ಕ್ಷಮಿಸಿದ ಗ್ರಾಹಕನೂ ಅವಮಾನವನ್ನು ಕ್ಷಮಿಸುವುದಿಲ್ಲ.

ಅನುಸರಿಸಬಹುದಾದ ಕ್ರಮ

1. ಮೊದಲು ಪೂರ್ತಿಯಾಗಿ ಕೇಳಿರಿ. ಗ್ರಾಹಕನು ಮಾತು ಮುಗಿಸುವ ಮೊದಲು ರಸೀದಿಯನ್ನು ಕೇಳಬೇಡಿರಿ.

2. ಇತರ ಗ್ರಾಹಕರ ಗುಂಪಿನಿಂದ ಪಕ್ಕಕ್ಕೆ ಕರೆದು ಕುಳ್ಳಿರಿಸಿ ಮಾತನಾಡಿರಿ.

3. ದೂರಿನ ಪುಸ್ತಕವೊಂದನ್ನು ಇಡಿರಿ. ದಿನಾಂಕ, ಸರಕು, ತಯಾರಕ, ದೋಷ, ಕೈಗೊಂಡ ಕ್ರಮ ಎಂಬ ಐದು ಕಲಮುಗಳು ಸಾಕು. ತಿಂಗಳಿಗೊಮ್ಮೆ ಅದನ್ನು ಓದಿದರೆ ಯಾವ ಕಂಪನಿಯ ಮಾಲು ಪದೇ ಪದೇ ಮರಳುತ್ತಿದೆ ಎಂಬುದು ತಾನಾಗಿಯೇ ತಿಳಿಯುತ್ತದೆ.

4. ನಿರ್ದಿಷ್ಟ ಮೊತ್ತದವರೆಗಿನ ಸರಕನ್ನು ಮಾಲೀಕನನ್ನು ಕೇಳದೆಯೇ ಬದಲಾಯಿಸುವ ಅಧಿಕಾರವನ್ನು ನೌಕರನಿಗೆ ಕೊಡಿರಿ.

5. ತಕ್ಷಣ ಪರಿಹಾರ ಸಾಧ್ಯವಿಲ್ಲದಿದ್ದರೆ ನಿಶ್ಚಿತ ದಿನ ತಿಳಿಸಿರಿ. ಆ ದಿನ ಕೆಲಸ ಮುಗಿಯದಿದ್ದರೂ ನೀವೇ ಮೊದಲು ದೂರವಾಣಿ ಮಾಡಿರಿ.

ಲೆಕ್ಕಪತ್ರದ ಮಾತು

ವಾಪಸು ಪಡೆದರೆ ಕಟ್ಟಿದ ತೆರಿಗೆ ನಷ್ಟವಾಗುವುದೆಂಬ ಭಯ ಕೆಲವರಲ್ಲಿದೆ. ಸರಕು ಮರಳಿದಾಗ ಜಿಎಸ್‌ಟಿ ಕಾನೂನಿನ ಪ್ರಕಾರ ಕ್ರೆಡಿಟ್ ನೋಟ್ ನೀಡಿ ತೆರಿಗೆಯ ಹೊಣೆಯನ್ನು ಕಡಿಮೆ ಮಾಡಿಕೊಳ್ಳಬಹುದು. ಮಾರಾಟವಾದ ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30ರೊಳಗೆ, ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸುವುದರೊಳಗೆ, ಯಾವುದು ಮೊದಲೋ ಆಗ ಅದನ್ನು ರಿಟರ್ನಿನಲ್ಲಿ ತೋರಿಸಿರಬೇಕು. ನೋಂದಾಯಿತ ಖರೀದಿದಾರನು ತಾನು ಪಡೆದ ಇನ್‌ಪುಟ್ ತೆರಿಗೆ ಜಮೆಯನ್ನು ಹಿಂತಿರುಗಿಸಿರಬೇಕಾದುದೂ ಅವಶ್ಯ. ಸಗಟು ವರ್ತಕರಿಂದ ದೋಷಯುಕ್ತ ಸರಕಿಗೆ ಇದೇ ರೀತಿ ಕ್ರೆಡಿಟ್ ನೋಟ್ ಕೇಳಿ ಪಡೆಯುವ ಅಭ್ಯಾಸವನ್ನು ಚಿಲ್ಲರೆ ವರ್ತಕರು ಬೆಳೆಸಿಕೊಳ್ಳಬೇಕು. ಆಗ ದೋಷದ ಭಾರವು ಕೌಂಟರಿನಲ್ಲಿಯೇ ಉಳಿಯದೆ ತಯಾರಕನವರೆಗೂ ತಲುಪುತ್ತದೆ.

‘ವ್ಯಾಪಾರಂ ದ್ರೋಹಚಿಂತನಂ’ ಎಂಬ ಗಾದೆ ನಮ್ಮ ವೃತ್ತಿಗೆ ಅಂಟಿದ ಹಳೆಯ ಕಳಂಕ. ಅದನ್ನು ತೊಳೆಯಲು ದೊಡ್ಡ ಬಂಡವಾಳವೇನೂ ಬೇಕಿಲ್ಲ. ಮುಂದಿನ ಬಾರಿ ರಸೀದಿ ಪುಸ್ತಕವನ್ನು ಅಚ್ಚಿಗೆ ಕೊಡುವಾಗ ಹಳೆಯ ಸಾಲನ್ನು ತೆಗೆಸಿ, ‘ದೋಷವಿದ್ದಲ್ಲಿ ರಸೀದಿಯೊಡನೆ 30 ದಿನಗಳೊಳಗೆ ತನ್ನಿರಿ’ ಎಂದು ಮುದ್ರಿಸಿದರೆ ಆರಂಭ ಮಾಡಿದಂತಾಯಿತು.